ಮೊದಲ ಗುಂಡು ಹಾರಿಸಿದ್ದು ಯಾರು?

ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್ ಊರಿನ ನಡುವೆ ಒಂದು ಹುಲ್ಲುಬಯಲಿದೆ. 1775ರ ಏಪ್ರಿಲ್ 19ರ ನಸುಕಿನಲ್ಲಿ ಕ್ಯಾಪ್ಟನ್ ಜಾನ್ ಪಾರ್ಕರ್ ಜೊತೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಊರವರು ಅಲ್ಲಿ ಬಂದೂಕು ಹಿಡಿದು ನಿಂತಿದ್ದರು. ಕಾಂಕರ್ಡ್‌ನಲ್ಲಿ ಕೂಡಿಟ್ಟಿದ್ದ ಮದ್ದುಗುಂಡು ನಾಶಮಾಡಲು ಬಾಸ್ಟನ್ನಿನಿಂದ ಹೊರಟ ಬ್ರಿಟಿಷ್ ಪಡೆ ಅದೇ ದಾರಿಯಲ್ಲಿ ಬಂತು. ಗುಂಡು ಹಾರಿತು. ಊರವರಲ್ಲಿ 8 ಮಂದಿ ಸತ್ತರು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಹೀಗೆ ಶುರುವಾಯಿತು.

ಮೊದಲ ಗುಂಡು ಯಾರದು? ಅಲ್ಲಿನ ಹೈಸ್ಕೂಲಿನ ಒಳ್ಳೆಯ ಇತಿಹಾಸ ಮೇಷ್ಟರು ಇದಕ್ಕೆ ಉತ್ತರ ಹೇಳುವುದಿಲ್ಲ. ಮಕ್ಕಳ ಕೈಗೆ ಎರಡು ಹಾಳೆ ಕೊಡುತ್ತಾರೆ. ಒಂದು, ಘಟನೆಯಾದ ಆರು ದಿನಕ್ಕೆ ಊರಿನ 34 ಮಂದಿ ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆ: ನಾವು ಬೆನ್ನು ತಿರುಗಿಸಿ ಚದುರುತ್ತಿದ್ದಾಗ ಅವರು ಗುಂಡು ಹಾರಿಸಿದರು. ಇನ್ನೊಂದು, ಬ್ರಿಟಿಷ್ ಲೆಫ್ಟಿನೆಂಟ್ ಜಾನ್ ಬಾರ್ಕರ್‌ನ ದಿನಚರಿ: ಒಂದೆರಡು ಗುಂಡು ಮೊದಲು ಆ ಕಡೆಯಿಂದ ಬಂತು, ನಮ್ಮವರು ಅಪ್ಪಣೆಯಿಲ್ಲದೆ ಮೇಲೆ ಬಿದ್ದರು.

ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಮಕ್ಕಳು ಥಟ್ಟನೆ ತೀರ್ಪು ಕೊಟ್ಟುಬಿಡಬಹುದು. ನಿಜವಾದ ಪಾಠ ಆಮೇಲಿನದು. ಊರವರ ಇಂಥ ಹೇಳಿಕೆಗಳನ್ನು ಬರೆಸಿದ್ದು ಯಾರ ಕಿವಿಗೆ ಬೀಳಲೆಂದು? ಅವನ್ನು ಹೊತ್ತ ಹಡಗು ಲಂಡನ್ನಿನ ಕಡೆ ಧಾವಿಸಿತು. ಬ್ರಿಟಿಷ್ ಸೇನಾಧಿಪತಿ ಗೇಜ್ ಕಳಿಸಿದ ವರದಿ ಮುಟ್ಟುವ ಎಷ್ಟೋ ದಿನ ಮೊದಲೇ ವಸಾಹತಿನವರ ಮಾತು ಇಂಗ್ಲೆಂಡಿನ ಜನರಿಗೆ ತಲುಪಿತ್ತು. ಹಾಗೆಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಆದರೆ ಓದುವ ಕಣ್ಣು ಎಚ್ಚರಗೊಳ್ಳುತ್ತದೆ. ಇನ್ನು ಬಾರ್ಕರ್ ತನ್ನ ದಿನಚರಿಯಲ್ಲಿ ತನ್ನದೇ ಸೈನಿಕರನ್ನು ದೂರುತ್ತಾನೆ, ಅವರು ಅಂಕೆ ಮೀರಿದ್ದರು ಎನ್ನುತ್ತಾನೆ. ತಮ್ಮವರ ತಪ್ಪನ್ನು ಒಪ್ಪುವ ಬರಹಕ್ಕೆ ತೂಕ ಹೆಚ್ಚು. ಆದರೂ ಅವನು ಗುಂಡು ಹಾರಿಸಿದ ಪಡೆಯ ಅಧಿಕಾರಿಯೇ. ಮೊದಲ ಗುಂಡು ಯಾರದೆಂದು ಇತಿಹಾಸಕಾರರು ಇಂದಿಗೂ ಖಚಿತವಾಗಿ ಹೇಳುವುದಿಲ್ಲ. ಹದಿನಾರು ವರ್ಷದ ಹುಡುಗಿಯೊಬ್ಬಳು ಇದನ್ನು ತಾನೇ ಹಾಳೆ ತಿರುವಿ ಕಂಡುಕೊಂಡರೆ, ಆ ಒಂದು ಪೀರಿಯಡ್ಡು ಸಾರ್ಥಕ ಎಂದು ನನ್ನ ನಂಬಿಕೆ.

ಎಲ್ಲ ಕಡೆಯೂ ಹೀಗೆ ಕಲಿಸುತ್ತಾರೆಂದಲ್ಲ. ಅಮೆರಿಕದಲ್ಲಿ ಪಠ್ಯಕ್ರಮ ಆಯಾ ರಾಜ್ಯದ್ದು. ಅಧ್ಯಕ್ಷರ ಹೆಸರು, ಇಸವಿ ಉರುಹೊಡೆಸುವ ತರಗತಿಗಳೂ ಇವೆ. ಆದರೆ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಹೈಸ್ಕೂಲಿನವರಿಗೆ ನಡೆಸುವ, ಕಾಲೇಜು ಮಟ್ಟದ ಎಪಿ ಪರೀಕ್ಷೆಯ ಅಮೆರಿಕ ಇತಿಹಾಸದ ಪತ್ರಿಕೆಯಲ್ಲಿ ದಾಖಲೆ ಆಧಾರಿತ ಪ್ರಶ್ನೆಯೇ ಇದೆ: 7 ದಾಖಲೆ, 60 ನಿಮಿಷ. ಬರೆದವರ ನಿಲುವೇನು, ಉದ್ದೇಶವೇನು ಎಂದು ವಿವರಿಸಿದರೆ ಅದಕ್ಕೂ ಅಂಕ ಉಂಟು.

1991ರಲ್ಲಿ ಸಂಶೋಧಕ ಸ್ಯಾಮ್ ವೈನ್‌ಬರ್ಗ್ ಇದೇ ಲೆಕ್ಸಿಂಗ್ಟನ್ನಿನ ಬರಹಗಳನ್ನು ಎಂಟು ಇತಿಹಾಸಕಾರರಿಗೂ ಎಂಟು ಹೈಸ್ಕೂಲು ವಿದ್ಯಾರ್ಥಿಗಳಿಗೂ ಕೊಟ್ಟು, ಓದುತ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಲು ಕೇಳಿದರು. ಎಲ್ಲಕ್ಕಿಂತ ನಂಬಲರ್ಹ ಯಾವುದು? ವಿದ್ಯಾರ್ಥಿಗಳು ಪಠ್ಯಪುಸ್ತಕದ ತುಣುಕಿಗೆ ಮೇಲಿನ ಸ್ಥಾನ ಕೊಟ್ಟರು. ಇತಿಹಾಸಕಾರರು ಅದನ್ನೇ ಕೆಳಕ್ಕೆ ತಳ್ಳಿದರು. ಪಠ್ಯಪುಸ್ತಕದಲ್ಲಿ 'ನನಗನಿಸುತ್ತದೆ' ಎಂಬ ಮಾತೇ ಇರುವುದಿಲ್ಲ. ಬರೆದವರು ಕಾಣದಿದ್ದಾಗ ಬರೆದದ್ದೆಲ್ಲ ಸತ್ಯದಂತೆ ಕಾಣುತ್ತದೆ.

ಪಠ್ಯಪುಸ್ತಕಕ್ಕೂ ಬರೆದವರು ಇರುತ್ತಾರೆ, ಒಪ್ಪುವವರೂ ಇರುತ್ತಾರೆ. ಮಿಸಿಸಿಪ್ಪಿಯಲ್ಲಿ ಇದು ಕೋರ್ಟು ಮೆಟ್ಟಿಲೇರಿತು. ಜೇಮ್ಸ್ ಲೋವೆನ್ ಮತ್ತು ಚಾರ್ಲ್ಸ್ ಸಾಲಿಸ್ ಅವರ ಮುಂದಾಳತ್ವದಲ್ಲಿ 1974ರಲ್ಲಿ ಆ ರಾಜ್ಯದ ಇತಿಹಾಸವನ್ನು ಕುರಿತ ಹೊಸ ಶಾಲಾಪುಸ್ತಕ ಬಂತು. ಬಿಳಿಯರ ಗುಂಪು ಕಪ್ಪು ಮನುಷ್ಯನೊಬ್ಬನನ್ನು ಕೊಂದ ಚಿತ್ರವೊಂದು ಅದರಲ್ಲಿತ್ತು. ರಾಜ್ಯದ ಸಮಿತಿ ಪುಸ್ತಕವನ್ನು ತಿರಸ್ಕರಿಸಿತು. ವಿಚಾರಣೆಯಲ್ಲಿ ಸಮಿತಿಯ ಸದಸ್ಯರೊಬ್ಬರು, ಅಷ್ಟು ಹಳೆಯದನ್ನು ಈಗೇಕೆ ಕೆದಕಬೇಕು ಎಂದಾಗ, ಇದು ಇತಿಹಾಸದ ಪುಸ್ತಕ ತಾನೇ ಎಂದು ನ್ಯಾಯಾಧೀಶರು ಕೇಳಿದರೆಂದು ಲೋವೆನ್ ನೆನೆದಿದ್ದಾರೆ. 1980ರಲ್ಲಿ ತೀರ್ಪು ಪುಸ್ತಕದ ಪರ ಬಂತು. ರಾಜ್ಯ ಒಪ್ಪಿದ ಪಠ್ಯಗಳ ಪಟ್ಟಿಗೆ ಅದನ್ನೂ ಸೇರಿಸಬೇಕಾಯಿತು.