ಕಂಕುಳಲ್ಲಿ ಉಸಿರಿನ ಗಂಟು

ಇಂಗ್ಲೆಂಡಿನ ಮೆಂಡಿಪ್ ಬೆಟ್ಟಗಳ ಸುಣ್ಣಕಲ್ಲಿನ ಗವಿಗಳಲ್ಲಿ ಅಲ್ಲಲ್ಲಿ ದಾರಿಯೇ ನೀರಿನಲ್ಲಿ ಮುಳುಗಿಹೋಗಿರುತ್ತದೆ. ಆಚೆಗೆ ಮತ್ತೆ ಒಣ ಗವಿಯಿರಬಹುದು; ನಡುವೆ ಮಾತ್ರ ಚಾವಣಿಯವರೆಗೂ ನೀರು. 1960ರ ದಶಕದಲ್ಲಿ ಇಂತಹ ಇಕ್ಕಟ್ಟುಗಳನ್ನು ದಾಟಹೊರಟ ಸಾಹಸಿಗಳಿಗೆ, ಉಸಿರಾಟಕ್ಕೆಂದು ಬೆನ್ನಿಗೇರಿಸಿದ ಗಾಳಿಯ ಸಿಲಿಂಡರೇ ಬಂಡೆಗೆ ಸಿಕ್ಕಿ ತೊಡಕಾಯಿತು. ಅವರು ಅದನ್ನು ಸೊಂಟಪಟ್ಟಿಗೆ, ತೊಡೆಯ ಪಕ್ಕಕ್ಕೆ ಇಳಿಸಿದರು. ಮುಂದೆ ಅಮೆರಿಕದ ಫ್ಲಾರಿಡಾದಲ್ಲಿ, ನೀರು ತುಂಬಿದ ಉದ್ದನೆಯ ಗವಿಗಳಲ್ಲಿ ಈಜುವವರು ಕಂಕುಳಿನವರೆಗೆ ಏರಿಸಿದರು.

ಈಗಿನ ರೂಢಿಯಲ್ಲಿ ಎಡಕ್ಕೊಂದು, ಬಲಕ್ಕೊಂದು ಸಿಲಿಂಡರು. ಕತ್ತನ್ನು ಕಂಕುಳ ಕೆಳಗೆ ಹಾಯುವ ರಬ್ಬರು ಹುರಿ ಹಿಡಿದಿರುತ್ತದೆ. ಬುಡದ ಪಟ್ಟಿಯ ಕೊಂಡಿಯನ್ನು ಸೊಂಟದ ಹಿಂಬದಿಯ ಲೋಹದ ಬಳೆಗೆ ಸಿಕ್ಕಿಸುತ್ತಾರೆ. ಅವಚಿದ ಕೊಡದಂತೆ ಅದು ಮೈಗಂಟಿ, ಪಕ್ಕೆಗೆ ಸಮಾನಾಂತರವಾಗಿರಬೇಕು. ಬುಡ ಜೋತುಬಿದ್ದರೆ ತಳದ ಕೆಸರು ಕದಡುತ್ತದೆ. ಗವಿಯಲ್ಲಿ ಕೆಸರೆದ್ದರೆ ದೀಪವಿದ್ದೂ ಕುರುಡು.

ವಿಚಿತ್ರವೆಂದರೆ, ಸರಿಯಾಗಿ ಕಟ್ಟಿದ್ದೂ ಕಟ್ಟಿದಂತೆ ನಿಲ್ಲುವುದಿಲ್ಲ. ಗಾಳಿಗೂ ತೂಕವುಂಟಷ್ಟೆ! 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿ 2.5 ಕಿಲೋಗ್ರಾಂಗೂ ಮೀರಿ ತೂಗುತ್ತದೆ. ಉಸಿರಾಡಿದಷ್ಟೂ ಸಿಲಿಂಡರು ಹಗುರವಾಗಿ, ಮೊದಲು ಮುಳುಗುತ್ತಿದ್ದ ಬುಡ ಮೇಲಕ್ಕೆ ತೇಲತೊಡಗುತ್ತದೆ. ಆಗ ಮುಳುಗುಗಾರನು ಕೊಂಡಿಯನ್ನು ಸೊಂಟದ ಮುಂದಿನ ಬಳೆಗೆ ಬದಲಿಸುತ್ತಾನೆ. ಉಕ್ಕಿನ ಸಿಲಿಂಡರಿಗೆ ಸಾಮಾನ್ಯವಾಗಿ ಈ ಉಪಚಾರ ಬೇಕಿಲ್ಲ. ಒಂದೇ ಪಕ್ಕ ಹಗುರವಾಗದಂತೆ ಅವನು ಎರಡರಿಂದಲೂ ಸರದಿಯಂತೆ ಉಸಿರಾಡುತ್ತಾನೆ. ಒಂದು ಕೆಟ್ಟರೆ ಹೊರಬರಲು ಇನ್ನೊಂದರ ಗಾಳಿ ಬೇಕು. ಅದನ್ನು ಲೆಕ್ಕ ಹಾಕಿಯೇ ಹಿಂದಿರುಗುತ್ತಾನೆ. ಕೆಟ್ಟುದು ಯಾವುದೆಂದು ತಡಕಾಡಬೇಕಿಲ್ಲ. ಬೆನ್ನ ಹಿಂದೆ ಕಾಣದಿದ್ದ ಕವಾಟ ಈಗ ಕಣ್ಣೆದುರಿಗೆ, ಕೈಗೆಟಕುವಲ್ಲಿದೆ.