ವಿದ್ಯುತ್ ಜಾಲದ ನಾಡಿ ನೋಡುವವರು

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಹೊಗೇನಕಲ್ಲನ್ನು ದಾಟಿ ಸೇಲಂ ಜಿಲ್ಲೆಯ ಮೆಟ್ಟೂರಿನಲ್ಲಿ ನಿಲ್ಲುತ್ತಾಳೆ. 1934ರಲ್ಲಿ ಮುಗಿದ ಆ ಅಣೆಕಟ್ಟಿನ ನೀರಿನಿಂದ ವಿದ್ಯುತ್ತು ಹುಟ್ಟುತ್ತದೆ; ಸಮೀಪದಲ್ಲೇ 1,440 ಮೆಗಾವಾಟ್ ಸಾಮರ್ಥ್ಯದ ಉಷ್ಣ ಸ್ಥಾವರವಿದೆ. ಕೋಲಾರದಿಂದ ಹೊಸೂರಿನ ಮೂಲಕ ಬರುವ 400 ಕಿಲೋವೋಲ್ಟ್ ತಂತಿಗಳು ಸೇಲಂ ಸೇರುತ್ತವೆ. ಧರ್ಮಪುರಿಯ ಕೇಂದ್ರಕ್ಕೆ ಮಧುಗಿರಿಯಿಂದ ಇನ್ನೂ ದೊಡ್ಡ ಮಾರ್ಗ ಬಂದಿದೆ.

ದೂರದ ಈ ತಂತಿಗಳ ಗೊಡವೆ ಕಾಸರಗೋಡಿನ ನಮಗೇಕೆ ಎಂದು ಯಾರಾದರೂ ಕೇಳಬಹುದು. ಭತ್ತವನ್ನು ಕಣಜದಲ್ಲಿ ತುಂಬಿಡುವಂತೆ ಇಡೀ ನಾಡಿಗೆ ಬೇಕಾದ ವಿದ್ಯುತ್ತನ್ನು ತುಂಬಿಡಲು ಬರುವುದಿಲ್ಲ. ಖರ್ಚಾದಷ್ಟು ಆ ಕ್ಷಣವೇ ಹುಟ್ಟುತ್ತಿರಬೇಕು. ಇದರ ಲೆಕ್ಕ ತಿಳಿಸುವುದು ಆವರ್ತನ. ಅದು ಸೆಕೆಂಡಿಗೆ 50ರ ಆಸುಪಾಸಿನಲ್ಲಿ, 49.90ರಿಂದ 50.05ರೊಳಗೆ ಇರಬೇಕೆಂಬುದು ನಿಯಮ. ಮೆಟ್ಟೂರಿನಲ್ಲಿ 600 ಮೆಗಾವಾಟಿನ ಒಂದು ಯಂತ್ರ ಥಟ್ಟನೆ ನಿಂತರೆ ನಮ್ಮ ಅಡಿಕೆ ತೋಟದ ಪಂಪಿಗೆ ಬರುವ ವಿದ್ಯುತ್ತಿನ ಆವರ್ತನವೂ ಕೂಡಲೇ ಇಳಿಯುತ್ತದೆ.

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿತು. ಎರಡನೆಯ ದಿನ ಪೂರ್ವ, ಈಶಾನ್ಯ ರಾಜ್ಯಗಳೂ ಮುಳುಗಿದವು. ಬೀನಾ–ಗ್ವಾಲಿಯರ್ ಮಾರ್ಗದ ಮೇಲಿನ ಅತಿಯಾದ ಹೊರೆಯನ್ನೇ ರಕ್ಷಣಾ ಉಪಕರಣ ದೋಷವೆಂದು ಬಗೆದು ಮಾರ್ಗವನ್ನು ಕಡಿದಿತ್ತು. ದಕ್ಷಿಣ ಆಗ ಉಳಿದೆಡೆಗೆ ಡಿ.ಸಿ. ಸಂಪರ್ಕದಿಂದ ಮಾತ್ರ ಕೂಡಿದ್ದರಿಂದ ಪಾರಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗ ಚಾಲೂ ಆಗಿ ದೇಶವೆಲ್ಲ ಒಂದೇ ಜಾಲವಾಯಿತು. ಕೊರತೆಗೆ ನೆರವು ದೂರದಿಂದ ಬರುತ್ತದೆ. ಕೇಡೂ ಅದೇ ದಾರಿಯಲ್ಲಿ ಬರಬಹುದು.

ಆದ್ದರಿಂದಲೇ ನಾಡಿ ನೋಡುವ ಕೆಲಸ ಬಿಗಿಯಾಯಿತು. ದಕ್ಷಿಣದ ಜಾಲವನ್ನು ಹಗಲಿರುಳು ಕಾಯುವ ಪ್ರಾದೇಶಿಕ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿದೆ. ಹಿಂದೆ ಅಂಕಿ ಅಂಶಗಳು ಕೆಲವು ಸೆಕೆಂಡುಗಳಿಗೊಮ್ಮೆ ಬರುತ್ತಿದ್ದವು. ಈಗ ಪ್ರಮುಖ ಕೇಂದ್ರಗಳಲ್ಲಿಟ್ಟ ಫೇಸರ್ ಮಾಪಕಗಳು ಉಪಗ್ರಹದ ಗಡಿಯಾರಕ್ಕೆ ಹೊಂದಿಸಿಕೊಂಡು ಸೆಕೆಂಡಿಗೆ 25 ಬಾರಿ ವರದಿ ಕಳಿಸುತ್ತವೆ. ಒಂದೇ ನೊಗದ ಎರಡು ಎತ್ತುಗಳಲ್ಲಿ ಒಂದು ಮುಂದಾದಷ್ಟೂ ನೊಗ ಓರೆಯಾಗುವುದಷ್ಟೆ? ಹಾಗೆಯೇ ಎರಡು ಊರುಗಳ ವಿದ್ಯುತ್ ಅಲೆಗಳ ನಡುವಿನ ಕೋನ ಹಿಗ್ಗಿದರೆ ಮಾರ್ಗಕ್ಕೆ ಹೊರೆ ಹೆಚ್ಚಿದೆಯೆಂದು ಅರ್ಥ. ಅಪಾಯ ಬರುವ ಮುನ್ನವೇ ಹೊರೆ ಹಂಚಬಹುದು.

ಆದರೂ ಆವರ್ತನ 49.4ಕ್ಕೆ ಕುಸಿದರೆ ಯಂತ್ರಗಳು ಯಾರ ಅಪ್ಪಣೆಗೂ ಕಾಯದೆ ಕೆಲವು ಫೀಡರುಗಳನ್ನು ಕಡಿಯುತ್ತವೆ. ಯಾವುವನ್ನು ಕಡಿಯಬೇಕೆಂದು ಆಯಾ ರಾಜ್ಯ ಮೊದಲೇ ಗೊತ್ತುಮಾಡಿರುತ್ತದೆ. ಎಲ್ಲರೂ ಮುಳುಗದಿರಲೆಂದು ಕೆಲವರು ಕತ್ತಲಲ್ಲಿ ಕೂರಬೇಕಾಗುತ್ತದೆ. ಅದು ಒಪ್ಪತಕ್ಕ ಮಾತೇ. ಆದರೆ ಆ ಪಾಳಿ ಸದಾ ಒಂದೇ ಹಳ್ಳಿಗೆ ಬೀಳಬಾರದು. ಕರೆಂಟು ಏಕೆ ಹೋಯಿತು, ಎಂದು ಬರುತ್ತದೆ ಎಂಬ ಸುದ್ದಿ ಗಡಿನಾಡ ಮನೆಗೆ ಅದರ ಭಾಷೆಯಲ್ಲೇ ತಲುಪಬೇಕು. ಸೆಕೆಂಡಿಗೆ 25 ಬಾರಿ ಸುದ್ದಿ ಕಳಿಸಬಲ್ಲ ವ್ಯವಸ್ಥೆಗೆ ಇದೇನೂ ದೊಡ್ಡ ಹೊರೆಯಲ್ಲ.