ಮನೆಗೆ ಬೇಡವಾದ ನಾಯಿ

ಕ್ಷಣಕಾಲವೂ ಸುಮ್ಮನಿರದ ನಾಯಿಯನ್ನು ಪೀಡೆಯೆಂದೆಣಿಸಿ ಹೊರದೂಡುವ ಗೃಹಸ್ಥರುಂಟು. ಆ ಚಟುವಟಿಕೆಯೇ ಮನುಷ್ಯರ ಪ್ರಾಣವನ್ನುಳಿಸಬಲ್ಲುದೆಂದು ತೋರಿಸಿಕೊಟ್ಟವರು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ನಿವೃತ್ತ ಉಪಾಧ್ಯಾಯಿನಿ ವಿಲ್ಮಾ ಮೆಲ್ವಿಲ್. 1995ರಲ್ಲಿ ಒಕ್ಲಹೋಮ ನಗರದಲ್ಲಿ ಬಾಂಬಿನಿಂದ ಕುಸಿದ ಕಟ್ಟಡದಲ್ಲಿ ತಮ್ಮ ನಾಯಿ ಮರ್ಫಿಯೊಡನೆ ಶೋಧಿಸಿದಾಗ, ಇಂತಹ ಶಿಕ್ಷಿತ ನಾಯಿಗಳ ಕೊರತೆಯನ್ನು ಅವರು ಮನಗಂಡರು. 1996ರಲ್ಲಿ ಶೋಧಕ ಶ್ವಾನ ಪ್ರತಿಷ್ಠಾನವನ್ನು ಸ್ಥಾಪಿಸಿ, ಪ್ರಾಣಿಗಳ ಆಶ್ರಯಧಾಮಗಳಿಂದ ನಾಯಿಗಳನ್ನು ಆರಿಸಿ ತಂದು, ಶಿಕ್ಷಣವಿತ್ತು, ಅಗ್ನಿಶಾಮಕ ದಳದವರಿಗೆ ಉಚಿತವಾಗಿ ಒಪ್ಪಿಸತೊಡಗಿದರು.

ಶಿಕ್ಷಣದ ಗುಟ್ಟು ಸರಳವಾದುದು. ಮಣ್ಣುಕಲ್ಲುಗಳಡಿಯಲ್ಲಿ ಜೀವಂತ ಮನುಷ್ಯನ ವಾಸನೆಯನ್ನು ಹಿಡಿದು ನಾಯಿಯು ಬೊಗಳಿದರೆ, ಮೆಚ್ಚಿನ ಆಟಿಕೆಯೇ ಬಹುಮಾನ. ಅದಕ್ಕಿದು ಆಟ, ಕೆಳಗೆ ಸಿಕ್ಕಿಕೊಂಡವನಿಗೆ ಪ್ರಾಣ.

2001ರಲ್ಲಿ ನ್ಯೂಯಾರ್ಕಿನಲ್ಲಿಯೂ, 2023ರಲ್ಲಿ ತುರ್ಕಿಯ ಭೂಕಂಪದಲ್ಲಿಯೂ ಈ ನಾಯಿಗಳು ದುಡಿದುವು. ಈ ಕೆಲಸಕ್ಕೊದಗದ ನಾಯಿಗೂ ತಕ್ಕ ಮನೆಯನ್ನೋ ಬೇರೆ ಕೆಲಸವನ್ನೋ ಹುಡುಕಿಕೊಡುವರು. ಒಮ್ಮೆ ಕೈಹಿಡಿದುದನ್ನು ಮತ್ತೆ ಅನಾಥವಾಗಿಸುವುದಿಲ್ಲ. ನಾವು ಹೊರದೂಡುವ ಪ್ರಾಣಿಯಲ್ಲಿ ಎಂತಹ ಗುಣವಡಗಿರುವುದೋ ವಾಚಕರು ವಿಚಾರಿಸಬೇಕು.